ಚಿಕಿತ್ಸೆಗೆ ಮೊದಲಿನ ಫೋಟೋ

ಮೂವತ್ತೊಂದು ವರ್ಷ ನಾನು ಹರಿಹರದ ಜನರ ಮುಖ ತಿದ್ದಿದ್ದೇನೆ. ಪಕ್ಕದ ಸಾರಥಿ ಹಳ್ಳಿಯ ರೈತರ ಸಿಡುಬಿನ ಕಲೆ ಅಳಿಸಿದ್ದೇನೆ, ಬೆವರಿಗೆ ಮಾಸಿದ ವಿಭೂತಿಯನ್ನು ಎದ್ದು ಕಾಣುವಂತೆ ಮಾಡಿದ್ದೇನೆ, ಕಣ್ಣು ಮುಚ್ಚಿ ಹೋದ ಹಿರಿಯರಿಗೆ ಗೋಡೆಯ ಫೋಟೋದಲ್ಲಿ ಕಣ್ಣು ತೆರೆಸಿದ್ದೇನೆ. ನಮ್ಮ ಕಸುಬಿನಲ್ಲಿ ಇದಕ್ಕೆ ಟಚಿಂಗ್ ಅನ್ನುತ್ತಾರೆ. ನೆಗೆಟಿವ್ ಮೇಲೆ ಅಂಟಿನಂಥ ಒಂದು ದ್ರವವನ್ನು ತೆಳುವಾಗಿ ಸವರಿ, ಸೂಜಿಯಷ್ಟು ಚೂಪು ಮಾಡಿದ ಪೆನ್ಸಿಲ್ಲಿನಿಂದ ಕಲೆ ಇದ್ದಲ್ಲಿ ಸಣ್ಣಸಣ್ಣ ಗೆರೆ ತುಂಬಬೇಕು. ಪ್ರಿಂಟ್ ಹಾಕಿದಾಗ ಆ ಜಾಗ ಬೆಳ್ಳಗೆ, ನುಣ್ಣಗೆ ಬರುತ್ತದೆ. ಒಂದು ಗಂಟೆಯಲ್ಲಿ ಬಣ್ಣದ ಫೋಟೋ ತೊಳೆದುಕೊಡುವ ಮಷೀನು ದಾವಣಗೆರೆಗೆ ಬಂದ ಮೇಲೂ, ಗಂಡಿನ ಕಡೆಗೆ ಹುಡುಗಿಯ ಫೋಟೋ ಕಳಿಸಬೇಕೆಂದರೆ ಜನ ನನ್ನ ಸ್ಟುಡಿಯೋದ ಮೆಟ್ಟಿಲನ್ನೇ ಹತ್ತುತ್ತಿದ್ದರು. "ಕೊಟ್ಟೂರಪ್ಪನ ಕೈಯಾಗ ಹೋದ್ರೆ ಕೋತಿನೂ ಕನ್ಯೆ ಆಗ್ತೈತೆ" ಎಂದು ಊರಲ್ಲಿ ಹಾಸ್ಯ ಮಾಡುತ್ತಿದ್ದರು. ನಾನು ಅದನ್ನು ಹೊಗಳಿಕೆ ಎಂದೇ ಇಟ್ಟುಕೊಂಡಿದ್ದೆ. ನಾನು ಅಹಂಕಾರದ ಮನುಷ್ಯ, ಅದನ್ನೇನೂ ಮುಚ್ಚಿಡುವುದಿಲ್ಲ.

ನನ್ನ ಒಬ್ಬಳೇ ಮಗಳು ಬಿಂದು. ಹದಿನಾಲ್ಕನೆಯ ವಯಸ್ಸಿಗೆ ಅವಳ ಮುಖದ ತುಂಬ ಮೊಡವೆ ಎದ್ದವು. ನನ್ನ ಹೆಂಡತಿ ಅನ್ನಪೂರ್ಣಮ್ಮ ಗಂಧ ತೇದು ಹಚ್ಚಿದಳು, ಕಡಲೆಹಿಟ್ಟು ಹಚ್ಚಿದಳು, ಯಾರೋ ಹೇಳಿದರೆಂದು ಬೆಳ್ಳುಳ್ಳಿಯನ್ನೂ ಜಜ್ಜಿ ಹಚ್ಚಿ ಉರಿ ತರಿಸಿದಳು. ಇಪ್ಪತ್ತರ ಹೊತ್ತಿಗೆ ಮೊಡವೆ ಹೋದವು, ಗುಳಿಗಳು ಉಳಿದವು. ಎರಡೂ ಕೆನ್ನೆಯ ಮೇಲೆ, ಹಸಿ ಹಿಟ್ಟಿಗೆ ರಾಗಿಕಾಳು ಒತ್ತಿ ತೆಗೆದ ಹಾಗೆ. ಎಸ್ಸೆಸ್ಸೆಲ್ಸಿ ಹಾಲ್ ಟಿಕೆಟ್ಟಿನಿಂದ ಹಿಡಿದು ಕಾಲೇಜಿನ ಕಾರ್ಡು, ಬಸ್ ಪಾಸಿನವರೆಗೆ ಅವಳ ಪ್ರತಿ ಫೋಟೋವನ್ನೂ ನಾನೇ ತೆಗೆದೆ, ಪ್ರತಿಯೊಂದಕ್ಕೂ ಟಚಿಂಗ್ ಮಾಡಿದೆ. ಮಾಡು ಎಂದು ಅವಳು ಹೇಳಿರಲಿಲ್ಲ, ಮಾಡಲೇ ಎಂದು ನಾನು ಕೇಳಿರಲಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಗಾದೆ. ಮುದ್ದು ಮುದ್ದಾಗಿಯೇ ಕಂಡಿದ್ದರೆ ಪೆನ್ಸಿಲ್ ಯಾಕೆ ಬೇಕಿತ್ತು ಎಂದು ನನ್ನನ್ನು ಯಾರೂ ಕೇಳಲಿಲ್ಲ.

ಅವಳು ಹರಿಹರದಲ್ಲೇ ಒಂದು ಶಾಲೆಯಲ್ಲಿ ಎರಡನೇ ಕ್ಲಾಸಿಗೆ ಟೀಚರಾದಳು. ಅವಳಿಗೆ ಇಪ್ಪತ್ಮೂರು ನಡೆಯುವಾಗ ಮಲೆಬೆನ್ನೂರಿನಿಂದ ಒಂದು ಸಂಬಂಧ ಬಂತು. ಫೋಟೋ ನೋಡಿ ಮೆಚ್ಚಿಕೊಂಡೇ ಬಂದಿದ್ದರು. ಬಿಂದು ಉಪ್ಪಿಟ್ಟಿನ ತಟ್ಟೆ ಹಿಡಿದು ಬಂದಳು, ಕೊಟ್ಟಳು, ನಿಂತಳು. ಹುಡುಗನ ಅಜ್ಜಿ, ಪಾಪ, ಕೆಟ್ಟವಳಲ್ಲ, ಕಣ್ಣು ಕಿರಿದು ಮಾಡಿ ಅವಳನ್ನು ನೋಡಿ ನನ್ನ ಹೆಂಡತಿಯ ಕಡೆ ತಿರುಗಿ, "ಫೋಟೋದಾಗಿನ ಹುಡುಗಿ ಒಳಗ ಅದಾಳೇನವ್ವ? ಕರೀರಿ ಮತ್ತ" ಅಂದಳು. ಬಿಂದು ಖಾಲಿ ತಟ್ಟೆಗಳನ್ನು ಒಂದೊಂದಾಗಿ ಎತ್ತಿಕೊಂಡು ಒಳಗೆ ಹೋದಳು. ಆ ದಿನದಿಂದ ಅವಳು ಸೀರೆಯ ಸೆರಗನ್ನು ಎಡಗೆನ್ನೆಗೆ ಹಿಡಿದುಕೊಂಡೇ ಹೊರಗೆ ಹೋಗುವುದನ್ನು ರೂಢಿ ಮಾಡಿಕೊಂಡಳು.

ಮರುವರ್ಷ, ತೊಂಬತ್ತೆಂಟರಲ್ಲಿ, ಲೇಸರ್ ವಿಷಯ ತಂದವಳು ಅವಳೇ. ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ಮೆಹರ್ ಬಾನು ಎಂಬ ಚರ್ಮದ ಡಾಕ್ಟರು ಇದ್ದರು. ತಿಂಗಳಿಗೊಮ್ಮೆ ಬೆಂಗಳೂರಿನಿಂದ ಒಬ್ಬ ದೊಡ್ಡ ಡಾಕ್ಟರು ಲೇಸರ್ ಮಷೀನು ತಂದು ಅವರ ಕ್ಲಿನಿಕ್ಕಿನಲ್ಲಿ ಚಿಕಿತ್ಸೆ ಕೊಡುತ್ತಿದ್ದರು. ತನ್ನ ಸಂಬಳದಲ್ಲೇ ಮಾಡಿಸಿಕೊಳ್ಳುತ್ತೇನೆ ಎಂದಳು. ನಾನೂ ಜೊತೆಗೆ ಹೋದೆ.

ಮೆಹರ್ ಬಾನು ಏನನ್ನೂ ಬಣ್ಣ ಕಟ್ಟಿ ಹೇಳಲಿಲ್ಲ. "ನೋಡಮ್ಮ, ಆ ಬೆಳಕು ಮೇಲಿನ ಚರ್ಮಾನ ಸುಡ್ತೈತೆ. ಕೆಳಗಿಂದ ಹೊಸ ಚರ್ಮ ಬರ್ಬೇಕು. ಗುಳಿ ಪೂರ್ತಿ ಹೋಗಲ್ಲ, ಅರ್ಧ ತುಂಬಿದ್ರೆ ಅದೇ ಪುಣ್ಯ. ನಮ್ಮಂಥ ಬಣ್ಣದೋರಿಗೆ ಕಪ್ಪಾಗೋ ಭಯ ಐತೆ, ಅದಕ್ಕೆ ಮೂರು ತಿಂಗ್ಳು ಬಿಸಿಲು ತಾಗಂಗಿಲ್ಲ. ಮೊದ್ಲು ಒಂದು ಸಿಟ್ಟಿಂಗ್. ಅದ್ರಾಗೆ ಗುಣ ಕಂಡ್ರೆ ಮಾತ್ರ ಎರಡ್ನೇದು. ಅದನ್ನ ಬೆಂಗಳೂರಿನವ್ರು ಫೋಟೋ ನೋಡಿ ಹೇಳ್ತಾರೆ. ಅವ್ರು ಹತ್ತೂರು ತಿರುಗೋರು, ಯಾರ ಮುಖಾನೂ ನೆನಪಿರಲ್ಲ. ಅದಕ್ಕೆ ಚಿಕಿತ್ಸೆಗೆ ಮೊದ್ಲು ಮೂರು ಫೋಟೋ ಬೇಕು. ಎದ್ರಿಂದ, ಎಡಕ್ಕೆ, ಬಲಕ್ಕೆ. ಪೌಡರ್ ಬ್ಯಾಡ."

"ನಮ್ಮ ಅಪ್ಪಾಜಿನೇ ತೆಗೀತಾರೆ ಮೇಡಂ. ಹರಿಹರದಾಗೆ ಅವ್ರಷ್ಟು ಚೆನ್ನಾಗಿ ಯಾರೂ ತೆಗ್ಯಲ್ಲ" ಅಂದಳು ಬಿಂದು. ಅವಳ ದನಿಯಲ್ಲಿ ಹೆಮ್ಮೆ ಇತ್ತು.

ಮರುದಿನ ಸ್ಟುಡಿಯೋದಲ್ಲಿ ಸ್ಟೂಲಿನ ಮೇಲೆ ಕೂತಳು. ಮುಖ ತೊಳೆದುಕೊಂಡು ಬಂದಿದ್ದಳು. "ಲೈಟ್ ಪಕ್ಕದಿಂದ ಬಿಡ್ರಿ ಅಪ್ಪಾಜಿ, ಗುಳಿ ಎಲ್ಲಾ ಎದ್ದು ಕಾಣ್ಲಿ" ಅಂದಳು. ಹತ್ತು ವರ್ಷದಲ್ಲಿ ಮೊದಲ ಸಲ ನನ್ನ ಕ್ಯಾಮೆರಾದ ಮುಂದೆ ಗಲ್ಲ ಎತ್ತಿ ಕೂತಿದ್ದಳು. ಅವಳು ಹೇಳಿದ ಹಾಗೆಯೇ ತೆಗೆದೆ. ಅಷ್ಟಕ್ಕೇ ನಿಂತಿದ್ದರೆ ಈ ಕಥೆ ಇರುತ್ತಿರಲಿಲ್ಲ.

ನೆಗೆಟಿವ್ ಒಣಗಿದ ಮೇಲೆ ದೂಳು ಕೂತಿದೆಯೇ ನೋಡೋಣ ಎಂದು ಟಚಿಂಗ್ ಮೇಜಿನ ಗಾಜಿನ ಮೇಲೆ ಇಟ್ಟೆ. ಕೈ ತಾನಾಗಿ ಪೆನ್ಸಿಲ್ ತೆಗೆದುಕೊಂಡಿತು. ಕೈ ತೆಗೆದುಕೊಂಡಿತು ಎಂದು ಈಗ ಅನ್ನುತ್ತೇನೆ, ಮನಸ್ಸೂ ಜೊತೆಗೇ ಇತ್ತು. ಈ ಫೋಟೋ ಬೆಂಗಳೂರಿಗೆ ಹೋಗುತ್ತದೆ, ಕಂಪೌಂಡರು ನೋಡುತ್ತಾನೆ, ಗುಮಾಸ್ತ ನೋಡುತ್ತಾನೆ, ಯಾರ್ಯಾರ ಕೈಯಲ್ಲೋ ನನ್ನ ಮಗಳ ಮುಖ ಓಡಾಡುತ್ತದೆ ಅನ್ನಿಸಿತು. ದೊಡ್ಡ ಗುಳಿಗಳನ್ನು ಸಣ್ಣದು ಮಾಡಿದೆ, ಸಣ್ಣವನ್ನು ಅಳಿಸಿದೆ. ಡಾಕ್ಟರಿಗೆ ಬೇಕಾಗುತ್ತದೆಂದು ಕೆನ್ನೆಗೆ ನಾಲ್ಕೈದು ಗುಳಿ ಉಳಿಸಿದೆ. ಎಷ್ಟು ದೊಡ್ಡ ಮನಸ್ಸು ನೋಡಿ ನನ್ನದು. ಫೋಟೋಗಳನ್ನು ಲಕೋಟೆಯಲ್ಲಿ ಹಾಕಿ ಅಂಟಿಸಿ ಕೊಟ್ಟೆ. ಬಿಂದು ಅದನ್ನು ಬಿಚ್ಚದೆ ಡಾಕ್ಟರ ಕೈಗೆ ಕೊಟ್ಟಳು, ಅವರೂ ಬಿಚ್ಚದೆ ಫೈಲಿಗೆ ಸೇರಿಸಿದರು.

ಏಪ್ರಿಲ್ ರಜೆಯಲ್ಲಿ ಚಿಕಿತ್ಸೆ ಆಯಿತು. ಮನೆಗೆ ಕರೆತಂದಾಗ ಅವಳ ಮುಖ ಊದಿ, ಕಣ್ಣು ಎರಡು ಗೆರೆಯಾಗಿದ್ದವು. ಕೆನ್ನೆ ಹಸಿ ಗಾಯವಾಗಿ ಹಳದಿ ನೀರು ಒಸರುತ್ತಿತ್ತು. ಹತ್ತು ದಿನ ಅನ್ನಪೂರ್ಣಮ್ಮ ಗಂಟೆಗಂಟೆಗೂ ವ್ಯಾಸಲೀನ್ ಸವರಿದಳು, ಅಡುಗೆಮನೆಗೆ ಹೋಗಿ ಅತ್ತಳು. ಬಿಂದು ಒಂದು ಸಲವೂ ನೋವು ಅನ್ನಲಿಲ್ಲ. ನಾನು ಬೆಳಿಗ್ಗೆ ಎದ್ದವನೇ ಸ್ಟುಡಿಯೋಕ್ಕೆ ಹೋಗಿಬಿಡುತ್ತಿದ್ದೆ. ನೋಡಲು ಆಗುತ್ತಿರಲಿಲ್ಲ.

ರಜೆಯೆಲ್ಲ ಕಿಟಕಿ ಮುಚ್ಚಿಕೊಂಡು ಒಳಗೇ ಕೂತಳು. ಶಾಲೆ ಶುರುವಾದ ಮೇಲೆ ಮೋಡವಿದ್ದ ದಿನವೂ ಛತ್ರಿ ಹಿಡಿದು ಹೋದಳು. ಕೆಂಪು ಇಳಿಯಿತು, ಆಮೇಲೆ ಸ್ವಲ್ಪ ಕಪ್ಪಾಯಿತು, ಆ ಕಪ್ಪೂ ಮುಲಾಮಿಗೆ ಬಗ್ಗಿತು. ಜುಲೈ ಹೊತ್ತಿಗೆ ಸೆರಗು ಕೆನ್ನೆಯಿಂದ ಜಾರಿ ಹೆಗಲ ಮೇಲೇ ನಿಲ್ಲತೊಡಗಿತು. ಒಂದು ದಿನ ಊಟಕ್ಕೆ ಕೂತಾಗ ತಾಯಿಯ ಕೈ ಹಿಡಿದು ತನ್ನ ಕೆನ್ನೆಯ ಮೇಲೆ ಇಟ್ಟುಕೊಂಡು, "ನೋಡವ್ವ, ಬೆರಳಿಗೆ ಗೊತ್ತಾಗ್ತೈತೆ, ತುಂಬ್ಕೊಂಡು ಬಂದಾವೆ" ಅಂದಳು. ನಿಜಕ್ಕೂ ತುಂಬಿಕೊಂಡು ಬಂದಿದ್ದವು. ಅರ್ಧಕ್ಕರ್ಧ ಅಲ್ಲದಿದ್ದರೂ ಮೂರರಲ್ಲಿ ಒಂದು ಪಾಲಂತೂ ಹೌದು. ಎರಡನೆಯ ಸಿಟ್ಟಿಂಗ್ ದಸರಾ ರಜೆಗೆ ಎಂದು ಲೆಕ್ಕ ಹಾಕಿಕೊಂಡಿದ್ದಳು.

ಚಿಕಿತ್ಸೆಯ ನಂತರದ ಫೋಟೋ ತೆಗೆಯುವ ಹೊತ್ತಿಗೆ ಕ್ಲಿನಿಕ್ಕಿನವರೇ ಒಂದು ಕ್ಯಾಮೆರಾ ಕೊಂಡಿದ್ದರು. ಮೆಹರ್ ಬಾನು ತಾವೇ ಬಣ್ಣದಲ್ಲಿ ತೆಗೆದು, ನನ್ನ ಹಳೆಯ ಫೋಟೋದ ಜೊತೆ ಬೆಂಗಳೂರಿಗೆ ಕಳಿಸಿದರು. ಆಗಸ್ಟಿನಲ್ಲಿ ನಮ್ಮನ್ನು ಕರೆಸಿದರು.

"ಕೂಡ್ರಿ ಕೊಟ್ಟೂರಪ್ಪನವರೇ" ಎಂದವರು ಫೋಟೋಗಳನ್ನು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟರು. ಎಡಕ್ಕೆ ನನ್ನದು, ಕಪ್ಪು ಬಿಳುಪು. ಬಲಕ್ಕೆ ಅವರದು. "ಬೆಂಗಳೂರಿಂದ ಕಾಗದ ಬಂದೈತೆ. ಮೊದಲ್ನೇ ಸಿಟ್ಟಿಂಗಿಂದ ಗುಣ ಆಗಿಲ್ಲ, ಗುಳಿ ಮೊದ್ಲಿಗಿಂತ ಹೆಚ್ಚಾಗ್ಯಾವೆ, ಇನ್ನೊಂದು ಸಿಟ್ಟಿಂಗ್ ಬ್ಯಾಡ ಅಂತ ಬರ್ದಾರೆ."

ಬಿಂದು ಮುಂದೆ ಬಾಗಿ ಎರಡನ್ನೂ ನೋಡಿದಳು. ಮೊದಲಿನ ಫೋಟೋವನ್ನು ಅವಳು ನೋಡುತ್ತಿದ್ದುದು ಅದೇ ಮೊದಲು. ಅದರಲ್ಲಿ ನಾಲ್ಕೈದು ಗುಳಿ, ಬಣ್ಣದ್ದರಲ್ಲಿ ಕೆನ್ನೆ ತುಂಬ.

"ನಂಗೇನೋ ಹಂಗೆ ಅನ್ನಿಸ್ತಿಲ್ಲ" ಎಂದರು ಡಾಕ್ಟರು. "ಏಪ್ರಿಲ್‌ನಾಗೆ ಇದಕ್ಕಿಂತ ಭಾಳ ಇದ್ವು ಅಂತ ನನ್ ನೆನಪು. ಆದ್ರೆ ದಿನಕ್ಕೆ ಐವತ್ತು ಮುಖ ನೋಡ್ತೀನಿ ನಾನು. ನನ್ ನೆನಪು ಅವ್ರಿಗೆ ಸಾಕ್ಷಿ ಆಗಲ್ಲ. ಕೊಟ್ಟೂರಪ್ಪನವರೇ, ಈ ಫೋಟೋ ತೆಗ್ದಿದ್ದು ತೆಗ್ದಂಗೇ ಐತಲ್ರಿ? ಲೈಟ್ ಗೀಟ್ ಏನಾರ ಹೆಚ್ಚಾಗಿತ್ತಾ?"

ಆಕೆ ನನಗೆ ದಾರಿ ಮಾಡಿಕೊಟ್ಟಿದ್ದರು. ಹೌದು, ಲೈಟು ಹೆಚ್ಚಾಗಿತ್ತು ಎಂದಿದ್ದರೂ, ಆ ಫೋಟೋ ನಂಬುವಂಥದ್ದಲ್ಲ ಎಂಬ ಅರ್ಧ ಸತ್ಯ ಹೇಳಿದ ಹಾಗಾಗುತ್ತಿತ್ತು. ಆದರೆ ಪಕ್ಕದಲ್ಲಿ ಮಗಳು ಕೂತಿದ್ದಳು, ಹರಿಹರದಲ್ಲಿ ಅಪ್ಪನಷ್ಟು ಚೆನ್ನಾಗಿ ಯಾರೂ ತೆಗೆಯುವುದಿಲ್ಲ ಎಂದು ಇದೇ ಕುರ್ಚಿಯಲ್ಲಿ ಕೂತು ಹೇಳಿದವಳು.

"ತೆಗ್ದಂಗೇ ಐತ್ರಿ" ಅಂದೆ. ಬಿಂದು ತನ್ನ ಕನ್ನಡಿಗಿಂತ ನನ್ನ ಮಾತನ್ನೇ ನಂಬಿದಳು.

ಡಾಕ್ಟರು ಫೋಟೋಗಳನ್ನು ಫೈಲಿನೊಳಗೆ ಇಟ್ಟರು. "ಹಂಗಿದ್ರೆ ನಂದೇನೂ ನಡ್ಯಲ್ಲಮ್ಮ. ಅವ್ರು ಫೋಟೋ ಬಿಟ್ರೆ ಬ್ಯಾರೇದು ನಂಬಲ್ಲ."

ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ಕೂತಳು. ದಾರಿಯಲ್ಲಿ ಬಾತಿ ಊರು ದಾಟಿತು. ಆಮೇಲೆ ಹೊರಗೆ ನೋಡುತ್ತಲೇ, "ನನ್ ಬೆರಳೂ ನಂಗೆ ಸುಳ್ಳು ಹೇಳ್ತಾವೆ ನೋಡ್ರಿ ಅಪ್ಪಾಜಿ" ಅಂದಳು. ನಾನು ಟಿಕೆಟ್ಟನ್ನು ಮಡಚುತ್ತ ಕೂತೆ. ಕಳ್ಳನ ಮನಸ್ಸು ಹುಳ್ಳಹುಳ್ಳಗೆ ಅನ್ನುತ್ತಾರಲ್ಲ, ನನ್ನದು ಹುಳ್ಳಗಾಗಿರಲಿಲ್ಲ, ಸತ್ತುಹೋಗಿತ್ತು.

ನಾಲ್ಕು ದಿನ ಸುಮ್ಮನಿದ್ದೆ. ಸೆರಗು ಮತ್ತೆ ಕೆನ್ನೆಗೆ ಏರಿತು. ಮುಲಾಮಿನ ಟ್ಯೂಬನ್ನು ಕಪಾಟಿನ ಮೇಲೆ ಎಸೆದಿದ್ದಳು. ಐದನೆಯ ದಿನ ಚುರುಗುಟ್ಟುವ ಬಿಸಿಲಿನಲ್ಲಿ ಬರಿಗೈಯಲ್ಲಿ ಶಾಲೆಗೆ ಹೊರಟಳು.

"ಛತ್ರಿ ಯಾಕ ಬಿಟ್ಟೆ ಬಿಂದು?" ಅಂದೆ.

"ಇನ್ ಯಾವ ಮುಖ ಕಾಯಾದೈತೆ ಅಪ್ಪಾಜಿ" ಅಂದಳು. ಸಿಟ್ಟಿನಿಂದ ಅನ್ನಲಿಲ್ಲ, ಚಪ್ಪಲಿ ಹಾಕಿಕೊಳ್ಳುತ್ತ ಮಾಮೂಲಿ ದನಿಯಲ್ಲಿ ಅಂದಳು. ನನಗೆ ಅದೇ ತಡೆಯಲಾಗಲಿಲ್ಲ.

ಮಧ್ಯಾಹ್ನ ಶಾಲೆಗೆ ಹೋಗಿ, ಅರ್ಧ ದಿನ ರಜೆ ಕೇಳಿ ಅವಳನ್ನು ಸ್ಟುಡಿಯೋಕ್ಕೆ ಕರೆತಂದೆ. ಬಾಗಿಲು ಹಾಕಿದೆ. ಎದುರಿನಿಂದ ತೆಗೆದ ನೆಗೆಟಿವನ್ನು ಟಚಿಂಗ್ ಮೇಜಿನ ಗಾಜಿನ ಮೇಲಿಟ್ಟು, ಕೆಳಗಿನ ಕನ್ನಡಿಯನ್ನು ಬೆಳಕಿಗೆ ತಿರುಗಿಸಿ, ಅವಳ ಕೈಗೆ ಭೂತಗನ್ನಡಿ ಕೊಟ್ಟೆ. "ಕೆನ್ನೆ ಹತ್ರ ನೋಡು" ಅಂದೆ.

ಸ್ಟುಡಿಯೋದಲ್ಲೇ ಬೆಳೆದ ಹುಡುಗಿ. ಪೆನ್ಸಿಲ್ ಗೆರೆ ಯಾವುದೆಂದು ಅವಳಿಗೆ ಹೇಳಿಕೊಡಬೇಕಾಗಿರಲಿಲ್ಲ. ಭೂತಗನ್ನಡಿಯನ್ನು ಒಂದು ಕೆನ್ನೆಯಿಂದ ಇನ್ನೊಂದಕ್ಕೆ ಸರಿಸಿದಳು.

"ಡಾಕ್ಟರ್ ಫೋಟೋಕ್ಕೂ ಮಾಡಿದ್ರಾ?" ಅಂದಳು.

"ಹೂಂ."

"ಗುಳಿ ಕಾಣ್ಲಿ ಅಂತ ನಾನೇ ಹೇಳಿದ್ನಲ್ಲ."

"ಹೇಳಿದ್ದೆ."

"ಆಕೆ ಕೇಳಿದಾಗ ತೆಗ್ದಂಗೇ ಐತೆ ಅಂದ್ರಿ. ನಾನು ಪಕ್ಕದಾಗೇ ಇದ್ದೆ."

ನಾನು ತಪ್ಪಾಯಿತು ಅಂದೆ. ನನ್ನ ವಯಸ್ಸಿನ ಗಂಡಸು ಮಗಳಿಗೆ ಈ ಮಾತು ಹೇಳುವುದು ನಮ್ಮ ಕಡೆ ಕಡಿಮೆ. ಹೇಳಿದ ಮೇಲೆ ಅದರಿಂದ ಏನೂ ಆಗಲಿಲ್ಲ. ಅವಳು ಅಳಲೂ ಇಲ್ಲ, ಬೈಯಲೂ ಇಲ್ಲ. ಭೂತಗನ್ನಡಿಯನ್ನು ಮೇಜಿನ ಮೇಲಿಟ್ಟು, "ಬ್ಯಾರೆ ಯಾವ್ದಾರ ಫೋಟೋ ಐತಾ, ಮುಟ್ಟದೇ ಇರೋದು?" ಎಂದು ಕೇಳಿದಳು.

ಹುಡುಕಿದೆವು. ನೆಗೆಟಿವ್‌ಗಳ ಡಬ್ಬಿಗಳನ್ನೆಲ್ಲ ಕೆಳಗಿಳಿಸಿದೆವು. ಹದಿನಾರರ ಬಿಂದು, ಹದಿನೆಂಟರ ಬಿಂದು, ಪದವಿ ಮುಗಿಸಿದ ಬಿಂದು. ಒಂದೊಂದನ್ನೂ ಬೆಳಕಿಗೆ ಹಿಡಿದೆ, ಒಂದೊಂದರಲ್ಲೂ ನನ್ನ ಪೆನ್ಸಿಲ್ ಇತ್ತು. ಅಕ್ಕನ ಮಗನ ಮದುವೆಯ ಗುಂಪು ಫೋಟೋದಲ್ಲಿ ನಲವತ್ತು ಜನರಿದ್ದರು, ಅದರಲ್ಲೂ ಹುಡುಕಿಕೊಂಡು ಹೋಗಿ ಅವಳೊಬ್ಬಳ ಮುಖ ತಿದ್ದಿದ್ದೆ. ಊರವರ ಮುಖಗಳೆಲ್ಲ ಇದ್ದ ಆ ಅಂಗಡಿಯಲ್ಲಿ ನನ್ನ ಮಗಳ ಮುಖ ಒಂದೂ ಇರಲಿಲ್ಲ.

"ಪೆನ್ಸಿಲ್ ಅಳಿಸಾಕೆ ಬರ್ತೈತಲ್ಲ" ಅಂದಳು ಅವಳು.

ಬರುತ್ತದೆ. ಟರ್ಪೆಂಟೈನಿನಲ್ಲಿ ಹತ್ತಿ ಅದ್ದಿ ಮೆಲ್ಲಗೆ ಒರೆಸಿದರೆ ಅಂಟಿನ ಸಮೇತ ಪೆನ್ಸಿಲ್ ಬಿಟ್ಟುಬರುತ್ತದೆ. ಸ್ವಲ್ಪ ಒತ್ತಿದರೆ ಮುಖವೇ ಗೀರಿಹೋಗುತ್ತದೆ. ಮೂವತ್ತೊಂದು ವರ್ಷದಲ್ಲಿ ನಾನು ಮಾಡಿದ ಟಚಿಂಗನ್ನು ನಾನೇ ಅಳಿಸಿದ್ದಿಲ್ಲ. ಬಲಗೆನ್ನೆಯ ನೆಗೆಟಿವ್‌ನಲ್ಲಿ ಗುಳಿಗಳ ಅಂಚಿನ ಹೊಳಪು ತೆಗೆಯಲು ಬ್ಲೇಡಿನಿಂದ ಕೆರೆದಿದ್ದೆ, ಕೆರೆದದ್ದು ಮತ್ತೆ ಕೂಡುವುದಿಲ್ಲ. ಅದು ಹೋಯಿತು ಎಂದು ಅವಳಿಗೆ ಹೇಳಿದೆ. ಉಳಿದ ಎರಡನ್ನಾದರೂ ಮಾಡಿ ಎಂದಳು.

"ನಾಳೆ ದಾವಣಗೆರೆಗೆ ನೀವೇ ಬಂದು, ಡಾಕ್ಟರಿಗೆ ನಿಮ್ ಬಾಯಿಂದ್ಲೇ ಹೇಳ್ಬೇಕು" ಅಂದಳು.

"ಹೇಳ್ತೀನಿ."

ಮೊಣಕೈ ಮೇಜಿಗೆ ಊರಿ, ಉಸಿರು ಬಿಗಿಹಿಡಿದು ಒರೆಸಿದೆ. ಹತ್ತಿ ಬೂದುಬಣ್ಣಕ್ಕೆ ತಿರುಗಿತು. ಎದುರಿನದಕ್ಕೂ ಎಡದ್ದಕ್ಕೂ ಸೇರಿ ಒಂದು ಗಂಟೆಯ ಮೇಲೆ ಹಿಡಿಯಿತು. ಅವಳು ಪಕ್ಕದಲ್ಲೇ ನಿಂತಿದ್ದಳು.

ಆಮೇಲೆ ಇಬ್ಬರೂ ಡಾರ್ಕ್ ರೂಮಿಗೆ ಹೋದೆವು. ಕೆಂಪು ದೀಪ ಹಾಕಿದೆ. ಎದುರಿನ ನೆಗೆಟಿವ್ ಇಟ್ಟು ಕಾಗದಕ್ಕೆ ಬೆಳಕು ಕೊಟ್ಟು, ಕಾಗದವನ್ನು ಡೆವಲಪರ್ ತಟ್ಟೆಗೆ ಇಳಿಸಿದೆ. ಮೊದಲು ತಲೆಗೂದಲು ಬಂತು, ಹುಬ್ಬು ಬಂತು, ಕಣ್ಣು ಬಂತು. ಕೆನ್ನೆ ಸ್ವಲ್ಪ ಹೊತ್ತು ಖಾಲಿಯಾಗಿತ್ತು. ಆಮೇಲೆ ಗುಳಿಗಳು ಒಂದೊಂದಾಗಿ ಮೂಡಿದವು. ದೊಡ್ಡವು, ಸಣ್ಣವು, ಗಲ್ಲದ ಹತ್ತಿರ ಒಂದಕ್ಕೊಂದು ಕೂಡಿಕೊಂಡವು. ಏಪ್ರಿಲ್‌ಗೆ ಮೊದಲಿನ ಕೆನ್ನೆ, ಒಂದೂ ಬಿಡದೆ ಎಲ್ಲ.

ಬಿಂದು ತಟ್ಟೆಯ ಮೇಲೆ ಬಾಗಿ ನೋಡಿದಳು.

"ಇಷ್ಟೇನಾ?" ಅಂದಳು.

ನನಗೆ ಅರ್ಥವಾಗಲಿಲ್ಲ. ಅವಳ ಮುಖ ನೋಡಿದೆ.

"ಕನ್ನಡ್ಯಾಗೆ ದಿನಾ ಇದ್ನೇ ನೋಡ್ತಿದ್ದೆ ಅಪ್ಪಾಜಿ. ಆದ್ರೆ ಹತ್ತು ವರ್ಷ ನೀವು ಇದನ್ನ ಮುಚ್ಚಾಕೆ ಕೂತಿದ್ದು ನೋಡಿ, ಕನ್ನಡಿಗೆ ಕಾಣದ್ದು ಇನ್ನೂ ಏನೋ ಐತೆ, ಬ್ಯಾರೇರ ಕಣ್ಣಿಗೆ ಅದು ಕಾಣ್ತೈತೆ ಅನ್ಕೊಂಡಿದ್ದೆ. ಹೆತ್ತ ಅಪ್ಪನಿಗೇ ನೋಡಾಕ ಆಗಲ್ಲ ಅಂದ್ರೆ ಎಷ್ಟು ಕೆಟ್ಟದಾಗಿರ್ಬೇಕು ಅಂತ."

ತಟ್ಟೆಯಲ್ಲಿದ್ದ ಹುಡುಗಿಯನ್ನು ನೋಡಿದೆ. ಆ ಮುಖ ಈಗ ಇರಲಿಲ್ಲ, ಲೇಸರ್ ಅದನ್ನು ಸುಟ್ಟು ಬೇರೆ ಮಾಡಿತ್ತು. ಅದು ನನ್ನ ಎದುರು ಕೂತು ಹತ್ತು ವರ್ಷ ಉಂಡಿತ್ತು, ನಕ್ಕಿತ್ತು, ಪಾಠದ ನೋಟ್ಸ್ ಬರೆದಿತ್ತು, ನಾನು ಒಂದು ದಿನವೂ ನೋಡಿರಲಿಲ್ಲ. ಕಾಗದದ ಮೇಲೆ ಅವಳು ಗಲ್ಲ ಎತ್ತಿ, ನೇರವಾಗಿ ನನ್ನನ್ನೇ ನೋಡುತ್ತಿದ್ದಳು. ಎಷ್ಟು ಚೆಂದದ ಹುಡುಗಿ.

"ಚೆಂದ ಅದೀಯ" ಅಂದೆ.

"ಕಪ್ಪಾಗ್ತೈತೆ, ತೆಗೀರಿ" ಅಂದಳು. ಕಾಗದ ಡೆವಲಪರಿನಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಉಳಿದುಬಿಟ್ಟಿತ್ತು. ನನ್ನ ಕೈ ಏಳಲಿಲ್ಲ. ಅವಳೇ ಚಿಮುಟದಿಂದ ಅದನ್ನು ಎತ್ತಿ, ನೀರಿನಲ್ಲಿ ಅದ್ದಿ ಚಿತ್ರ ನಿಲ್ಲಿಸುವ ಹೈಪೋ ದ್ರವದಲ್ಲಿ ಹಾಕಿ, ಇನ್ನೊಂದು ಕಾಗದ ತೆಗೆದು ನನ್ನ ಕೈಗೆ ಕೊಟ್ಟಳು.